ಸಮುದ್ರದ ಮರ್ಜಿಯ ರಾಜ್ಯ

ಶಹಾಬಾದಿನ ಬಿಸಿಲು ಸಾಮಾನ್ಯ ಬಿಸಿಲಲ್ಲ. ಬೇಸಿಗೆಯಲ್ಲಿ ಅಲ್ಲಿಯ ಪರಸಿ ಕಲ್ಲಿನ ಮೇಲೆ ಜೋಳದ ಹಿಟ್ಟು ತಟ್ಟಿಟ್ಟರೆ ಒಂದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ರೊಟ್ಟಿ ಉಬ್ಬಿ ಕರೆಯುತ್ತದೆ. ವಾಡಿಯಿಂದ ಹೊರಟ ರೈಲು ಶಹಾಬಾದ್ ಮುಟ್ಟುವಷ್ಟರಲ್ಲಿ ಹಳಿ ಮೆತ್ತಗಾಗಿ, ಗಾಲಿಗಳು ಬೆಲ್ಲದ ಪಾಕಕ್ಕೆ ಇಳಿದ ಇರುವೆಯ ಹಾಗೆ ಕಾಲೆಳೆಯುತ್ತವೆ. ಕೊಡ ನೀರಿಗಾಗಿ ಹೆಣ್ಣುಮಕ್ಕಳು ಸೂರ್ಯನೊಂದಿಗೇ ಜಗಳಕ್ಕೆ ನಿಲ್ಲುವ ಇಂಥ ಊರಿನಲ್ಲಿ ಒಂದು ದ್ವೀಪರಾಜ್ಯವಿತ್ತು. ನಾಲ್ಕೂ ದಿಕ್ಕಿಗೆ ನೀರು, ನಡುವೆ ನೆಲ, ನೆಲದ ಮೇಲೊಂದು ಸೀತಾಫಲದ ಗಿಡ. ರಾಜ್ಯಕ್ಕೊಬ್ಬ ರಾಜನೂ ಇದ್ದ. ಅವನ ಹೆಸರು ಬಂದೇಅಲಿ. ಕಸುಬು ಖಣಿಯಲ್ಲಿ ಕಲ್ಲು ಎಬ್ಬಿಸುವುದು.

ಬಂದೇಅಲಿ ಉಳಿ ಇಟ್ಟು ಒಂದೇಟು ಹಾಕಿದರೆ ಪರಸಿ ಹಪ್ಪಳದ ಹಾಗೆ ಏಳುತ್ತಿತ್ತು. ಎಷ್ಟು ತೆಳ್ಳಗೆಂದರೆ, ಅವನೆಬ್ಬಿಸಿದ ಚಪ್ಪಡಿಯನ್ನು ಕಿಟಕಿಗೆ ಗಾಜಿನ ಬದಲು ಕೂಡಿಸಿದವರಿದ್ದರು. ಆದರೆ ಅವನ ಉಳಿಗಿಂತ ಹರಿತವಾದದ್ದು ಅವನ ಬಾಯಿ. ಅದು ಒಮ್ಮೆ ತೆರೆದರೆ ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಬಂದೇಅಲಿಗೂ ಗೊತ್ತಿರುತ್ತಿರಲಿಲ್ಲ.

ರಾಜ್ಯ ಹುಟ್ಟಿದ ಕಥೆ ಹೀಗೆ. ಖಣಿ ಅಗೆಯುವಾಗ ನಡುಮಧ್ಯೆ ಒಂದು ಕಂಬದಷ್ಟು ಜಾಗವನ್ನು ಮುಟ್ಟದೆ ಬಿಡುವುದು ಕಲ್ಲಿನವರ ರೂಢಿ. ಸುತ್ತಲಿನದೆಲ್ಲ ತೆಗೆದಮೇಲೆ, ಮೊದಲು ನೆಲ ಎಲ್ಲಿತ್ತು, ಎಷ್ಟು ಆಳ ಅಗೆದರು ಎಂದು ಹೇಳಲು ಅದೊಂದೇ ಉಳಿಯುತ್ತದೆ. ಅದಕ್ಕೇ ಅದರ ಹೆಸರು ಸಾಕ್ಷಿ. ಗುತ್ತೇದಾರನ ಮನುಷ್ಯ ಬಂದು ಸಾಕ್ಷಿಯ ತಲೆಯಿಂದ ಬುಡದ ತನಕ ದಾರ ಇಳಿಬಿಟ್ಟು ಅಳೆಯಬೇಕು. ಅಳತೆ ಮುಗಿದಮೇಲೆ ಆ ಸಾಕ್ಷಿಯ ಕಲ್ಲು ಖಣಿ ಅಗೆದ ಟೋಳಿಯದ್ದು. ಇದು ಅಜ್ಜನ ಕಾಲದ ಮಾತು, ಯಾರೂ ಮುರಿದಿರಲಿಲ್ಲ.

ಬಂದೇಅಲಿಯ ಅಪ್ಪ, ಅವನ ಜೊತೆಯ ಲಾಲಪ್ಪ, ಕಲ್ಲು ಹೊರುವ ಭೀಮಬಾಯಿ, ಈ ಮೂವರ ಟೋಳಿ ಊರ ಹೊರಗಿನ ಆ ಖಣಿಯನ್ನು ಅಗೆದಿತ್ತು. ನಮ್ಮ ಸೀಮೆ ಹೈದರಾಬಾದಿನಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೇ ಖಣಿಯ ತಳದಲ್ಲಿ ಸೆಲೆ ಒಡೆಯಿತು. ನೀರು ಎಂಥ ರಭಸದಲ್ಲಿ ಬಂತೆಂದರೆ, ಬುಟ್ಟಿ ಕೆಳಗಿಟ್ಟು ಮೇಲೆ ಹತ್ತಿದ ಭೀಮಬಾಯಿ ತಿರುಗಿ ನೋಡುವಷ್ಟರಲ್ಲಿ ಬುಟ್ಟಿಯೇ ಅವಳಿಗಿಂತ ಮೊದಲು ದಂಡೆ ಮುಟ್ಟಿ ಕೂತಿತ್ತು! ಗುತ್ತೇದಾರ ಮತ್ತೆ ಮುಖ ತೋರಿಸಲಿಲ್ಲ. ಅಳೆಯುವವನು ಬರಲಿಲ್ಲ. ಸಾಕ್ಷಿ ನೀರಿನ ನಡುವೆ ಹಾಗೇ ನಿಂತಿತು. ರಾಜ್ಯ ರಾಜ್ಯಗಳ ಗಡಿಯನ್ನೆಲ್ಲ ಗೀಚಿದವರು ಇದೊಂದನ್ನು ಮಾತ್ರ ಯಾರ ಪಾಲಿಗೂ ಹಾಕದೆ ಬಿಟ್ಟರು.

ಅಪ್ಪ ತೀರಿಕೊಂಡಮೇಲೆ ಬಂದೇಅಲಿಯನ್ನು ಬೆಳೆಸಿದವಳು ಭೀಮಬಾಯಿ. ಅಪ್ಪನ ಪಾಲು ಮಗನಿಗೆ ಬಂತು. ಡಾಂಬರಿನ ಖಾಲಿ ಪೀಪಾಯಿಗಳನ್ನು ಕಟ್ಟಿ ತೆಪ್ಪ ಮಾಡಿ, ಸಾಕ್ಷಿಯ ಮೇಲೆ ಕಾಲಿಟ್ಟ ದಿನವೇ ಅವನು ತನ್ನನ್ನು ರಾಜನೆಂದು ಸಾರಿದ. ಲಾಲಪ್ಪ ವಜೀರನಾದ. ಭೀಮಬಾಯಿಗೆ ಸೇನಾಪತಿಯ ಪದವಿ ಕೊಡಲು ಹೋದಾಗ ಆಕೆ, "ಮದಲ ಆ ಅಂಗಿ ಒಗಿಲಿಕ್ಕೆ ಕೊಡು ಭಾಡ್ಯಾ, ಆಮ್ಯಾಲ ದಂಡು ಕೊಡವಂತಿ," ಎಂದಳು.

ಆ ರಾಜ್ಯದ ದೊಡ್ಡ ಸೊಗಸು ಅದರ ಅಳತೆ. ಸಾಕ್ಷಿ ಮೇಲೆ ಸಪೂರ, ಕೆಳಗಿಳಿದಂತೆ ಒಂದೊಂದು ಪದರು ಹೊರಚಾಚಿ ಮೆಟ್ಟಿಲು ಮೆಟ್ಟಿಲಾಗಿ ಅಗಲ. ಮಳೆಗಾಲದಲ್ಲಿ ರಾಜ್ಯವೆಂದರೆ ಮಲಗುವ ಒಂದು ಹೊರಸಿನಷ್ಟು ನೆಲ ಮತ್ತು ಸೀತಾಫಲದ ಗಿಡ. ರಾಜ ಕಾಲು ಚಾಚಿದರೆ ಪಾದ ಪರದೇಶದಲ್ಲಿರುತ್ತಿತ್ತು. ಬೇಸಿಗೆ ಬಂದು ನೀರಿಳಿದಂತೆ ಒಂದೊಂದೇ ಮೆಟ್ಟಿಲು ಎದ್ದು, ಯುದ್ಧವಿಲ್ಲದೆ ರಕ್ತವಿಲ್ಲದೆ ಜಿಲ್ಲೆಯ ಮೇಲೆ ಜಿಲ್ಲೆ ಸೇರುತ್ತಿತ್ತು. ಜಗತ್ತಿನ ಯಾವ ಬಾದಶಹನೂ ಬರೀ ಬಿಸಿಲು ಕಾಯಿಸಿಕೊಳ್ಳುತ್ತ ಇಷ್ಟು ನೆಲ ಗೆದ್ದಿಲ್ಲ.

ಇಷ್ಟರಲ್ಲೇ ಸುಖವಾಗಿದ್ದರೆ ಚೆನ್ನಾಗಿತ್ತು. ಆದರೆ ಬಂದೇಅಲಿ ಚಿತ್ತಾಪುರದ ಒಂದು ಮದುವೆಗೆ ಹೋದ.

ಅಲ್ಲಿ ಊಟಕ್ಕೆ ಹಾಸಿದ ದಸ್ತರಖಾನಿನ ಮುಂದೆ, ನಟ್ಟನಡುವೆ, ಚಿಂಚೋಳಿ ಕಡೆಯ ಹಾಜಿಸಾಬ ಕೂತಿದ್ದ. ಕುಂಚಾವರಂ ರಸ್ತೆಯಲ್ಲಿ ಕಟ್ಟಿಗೆ ಅಡ್ಡಾ ನಡೆಸುವ ಭಾರಿ ಆಸಾಮಿ. ಗಡ್ಡ ಎಷ್ಟು ದೊಡ್ಡದೆಂದರೆ ಮುಖ ತೊಳೆದು ಅಂಗಳದಲ್ಲಿ ಗಡ್ಡ ಒಣಗಿಸುವಾಗ ಗುಬ್ಬಿಗಳು ನೆರಳಿಗೆ ಬಂದು ಕೂರುತ್ತಿದ್ದವು. ಅವನು ಹಡಗು ಹತ್ತಿ ಹಜ್ಜಿಗೆ ಹೋಗಿ ಬಂದವನು. ಇಡೀ ತಾಲೂಕಿನಲ್ಲಿ ಸಮುದ್ರದ ಮೇಲೆ ಹೋದ ಗಂಡಸು ಅವನೊಬ್ಬನೇ. ಬಂದಾಗಿನಿಂದ ಅವನ ಬಾಯಿಂದ ಸಮುದ್ರ ಬಿಟ್ಟು ಬೇರೆ ಮಾತು ಹೊರಟಿದ್ದನ್ನು ಯಾರೂ ಕೇಳಿರಲಿಲ್ಲ.

"ಸಮುದ್ರ ಅಂದ್ರ ಏನಂತ ತಿಳದೀರಿ?" ಎಂದು ಅವನು ಬಿರಿಯಾನಿ ಕೈಯನ್ನೇ ಮೇಲೆತ್ತಿ ಕೇಳಿದ. "ನಿಮ್ಮ ಕಾಗಿಣಾ ಹೊಳಿ ಅದರ ಮುಂದ ನಮಾಜಕ್ಕ ಮದಲ ವಜೂ ಮಾಡೋ ಚಂಬಿನ್ಯಾಗಿನ ನೀರು! ಒಂದೊಂದು ತೆರಿ ಸೇಡಂ ಕ್ವಾಟಿಗಿಂತ ಎತ್ತರ!"

ಊಟಕ್ಕೆ ಕೂತವರು ಇದನ್ನು ಎಷ್ಟು ಸಲ ಕೇಳಿದ್ದರೆಂದರೆ, ತೆರೆ ಏಳುವ ಹೊತ್ತಿಗೆ ಸರಿಯಾಗಿ ತಾವೇ ತಲೆದೂಗಿ ಮತ್ತೆ ಮೂಳೆ ಚೀಪುತ್ತಿದ್ದರು. ಬಂದೇಅಲಿಗೆ ಮಾತ್ರ ತಡೆಯಲಾಗಲಿಲ್ಲ.

"ಹಾಜಿಸಾಬ್ರ, ನೀವು ಸಮುದ್ರ ನೋಡಿ ಬಂದೀರಿ," ಎಂದ. "ನಾವು ಸಮುದ್ರದಾಗೇ ಇರ್ತೀವಿ."

ಹೆಂಗಸರ ಕಡೆಯ ಪರದೆಯ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅದು ಎಂಥ ನಗೆ! ಹಿತ್ತಾಳೆಯ ಕೊಡದೊಳಗೆ ಬಳೆ ಉರುಳಿದ ಹಾಗಿತ್ತು. ಅದು ಹಾಜಿಸಾಬನ ಮಗಳು ನಜಮುನ್ನೀಸಾಳ ನಗೆಯೆಂದು ಬಂದೇಅಲಿಗೆ ಆಮೇಲೆ ತಿಳಿಯಿತು. ಆ ಕ್ಷಣಕ್ಕೆ ತಿಳಿದದ್ದು ಇಷ್ಟೇ: ಈ ನಗೆಯನ್ನು ಇನ್ನೊಮ್ಮೆ ಕೇಳದಿದ್ದರೆ ತಾನು ಬದುಕುವುದಿಲ್ಲ. ಬಾಯಿ ತಾನಾಗಿ ತೆರೆಯಿತು.

"ಶಹಾಬಾದಿನಾಗ ನಂದೊಂದು ಜಜೀರಾ ಅದರಿ. ನಾಕೂ ಕಡಿ ನೀರು. ನಡುವ ನಮ್ಮ ರಾಜ್ಯ. ಹೋಗಬೇಕಂದ್ರ ಜಹಾಜ ಬೇಕು."

"ಎಷ್ಟು ದೊಡ್ಡ ರಾಜ್ಯ?" ಹಾಜಿಸಾಬ ಕಣ್ಣು ಕಿರಿದು ಮಾಡಿದ.

"ಅದು ಸಮುದ್ರದ ಮರ್ಜಿರಿ. ಬ್ಯಾಸಗಿದಾಗ ಹೆಚ್ಚತದ, ಮಳಿಗಾಲದಾಗ ಕರಗತದ. ನಮ್ಮ ಸೀಮಿ ಎಲ್ಲಿ ಅಂತ ದಿನಾ ಮುಂಜಾನಿ ಎದ್ದು ನೋಡಬೇಕಾಗತದ."

"ವಜೀರ ಇದ್ದಾನ?"

"ಇದ್ದಾನ್ರಿ. ಬೀಡಿ ಸೇದ್ತಾನ."

ಪರದೆಯ ಹಿಂದೆ ಮತ್ತೆ ಬಳೆ ಉರುಳಿತು. ನೋಡಿದರೆ ಬಂದೇಅಲಿ ಹೇಳಿದ್ದರಲ್ಲಿ ಸಮುದ್ರ ಎಂಬ ಒಂದು ಮಾತನ್ನು ಬಿಟ್ಟರೆ ಉಳಿದದ್ದೆಲ್ಲ ಖರೆಯೇ. ಊಟದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಹಾಜಿಸಾಬ ಮಾತ್ರ ನಗಲಿಲ್ಲ. ಇಷ್ಟು ವರ್ಷ ಒಬ್ಬನೇ ಸಮುದ್ರ ಹೊತ್ತು ತಿರುಗಿದವನಿಗೆ ಕೊನೆಗೊಬ್ಬ ಜೊತೆಗಾರ ಸಿಕ್ಕಿದ್ದ.

ಹೋಳಿ ಮುಗಿದ ಹೊತ್ತಿಗೆ ಕಟ್ಟಿಗೆ ಲಾರಿಯ ಡ್ರೈವರ ಸುದ್ದಿ ತಂದ. ಮುಂಗಾರಿನ ಮಿರಗಾ ಮಳೆ ಬೀಳುವುದರೊಳಗೆ ಹಾಜಿಸಾಬ ಮನೆಮಂದಿಯೊಂದಿಗೆ ರಾಜ್ಯ ನೋಡಲು ಬರುತ್ತಾನೆ. ಮೆಚ್ಚಿದರೆ ಮಗಳನ್ನು ಕೊಡುತ್ತಾನೆ. "ಒಂದೇ ಮಾತು ಹೇಳ್ಯಾರ ನೋಡಪ್ಪಾ," ಎಂದ ಡ್ರೈವರ. "ಸಮುದ್ರದ ನೀರಿನ ರುಚಿ ಅವರ ನಾಲಿಗಿಗೆ ಗೊತ್ತದಂತ. ನೀರಾಗ ಉಪ್ಪಿಲ್ಲ ಅಂದ್ರ ಹೆಣ್ಣಿಲ್ಲ ಅಂದ್ರು."

ಬಂದೇಅಲಿ ಆ ದಿನ ಉಳಿ ಎತ್ತಲಿಲ್ಲ. ಖಣಿಯ ದಂಡೆಯಲ್ಲಿ ಕೂತು ನೀರನ್ನೇ ನೋಡಿದ. ಸಕ್ಕರೆ ಹಾಕಿಟ್ಟ ಹಾಗೆ ಸಿಹಿಯಾದ ನೀರು. ಸುತ್ತಲಿನ ನಾಲ್ಕು ಓಣಿಯ ಹೆಂಗಸರು ಬೇಳೆ ಬೇಗ ಬೇಯುತ್ತದೆಂದು ಇದನ್ನೇ ಒಯ್ಯುತ್ತಿದ್ದರು.

"ಖರೇ ಹೇಳಿಬಿಡು," ಎಂದಳು ಭೀಮಬಾಯಿ, ಬಟ್ಟೆ ಹಿಂಡುತ್ತ. "ಇದು ಖಣಿ ಅದ, ನಾ ಕಲ್ಲ ಒಡ್ಯಾಂವ ಇದ್ದೀನಿ, ನನ್ನ ಬಾಯಿಗೆ ಬ್ರೇಕಿಲ್ಲ ಅನ್ನು."

"ಅಂದ್ರ ಆಕಿ ಸಿಗಲ್ಲ ಯವ್ವಾ."

"ಮಾರಿ ನೋಡಿಲ್ಲ ಇನ್ನಾ!"

"ನಗಿ ಕೇಳೀನಿ."

ಭೀಮಬಾಯಿ ಅವನ ಮುಖ ನೋಡಿ ಹಿಂಡುವುದನ್ನು ನಿಲ್ಲಿಸಿದಳು. ಹುಡುಗನ ಕಣ್ಣಲ್ಲಿ ನೀರಿತ್ತು, ಅದಾದರೂ ಉಪ್ಪಾಗಿತ್ತು. ಬೀಡಿ ಆರಿಸಿ ಎದ್ದವನು ವಜೀರ ಲಾಲಪ್ಪ. "ಇಷ್ಟಕ್ಕ ಅಳ್ತಾರೇನೋ? ಹಾಜಿಸಾಬ ಇಡೀ ಖಣಿ ಕುಡೀತಾನೇನು? ತೆಪ್ಪ ಹತ್ತೋ ಕಡಿ ಒಂದು ಬೊಗಸಿ ರುಚಿ ನೋಡ್ತಾನ. ಅಲ್ಲಷ್ಟೇ ಉಪ್ಪು ಮಾಡಿದ್ರ ಸಾಕು."

ಹಾಜಿಸಾಬ ಬರುವ ದಿನ ಗೊತ್ತಾದೊಡನೆ ವಾಡಿಯ ಕಿರಾಣಿ ಅಂಗಡಿಯಿಂದ ಕಲ್ಲುಪ್ಪಿನ ಚೀಲಗಳು ಬಂದವು. ಆ ವಾರ ವಾಡಿಯ ಅರ್ಧ ಊರು ಸಪ್ಪನೆಯ ಸಾರು ಉಂಡಿತೆಂದು ಹೇಳುತ್ತಾರೆ. ತೆಪ್ಪ ಕಟ್ಟುವ ಮೂಲೆಯಲ್ಲಿ, ಮೂರು ಕಡೆ ಕಲ್ಲು ಅಡ್ಡವಿದ್ದು ನೀರು ನಿಂತ ಜಾಗದಲ್ಲಿ, ಇಬ್ಬರೂ ಚೀಲ ಸುರಿದು ಬಿದಿರಿನಿಂದ ಕಲಕಿದರು. ಬಂದೇಅಲಿ ರುಚಿ ನೋಡಿ ಕೆಮ್ಮಿದ. ಲಾಲಪ್ಪ ರುಚಿ ನೋಡಿ, "ಅರಬಸ್ತಾನ!" ಎಂದ.

ಆದರೆ ಸಮುದ್ರವನ್ನು ಮಾಡಿದ ಇಬ್ಬರೂ ಎಮ್ಮೆಗಳನ್ನು ಮರೆತಿದ್ದರು. ಎಮ್ಮೆಗೆ ಉಪ್ಪೆಂದರೆ ನಮಗೆ ಹೋಳಿಗೆ ಇದ್ದ ಹಾಗೆ. ಮರುದಿನ ಬೆಳಗಾಗುವಷ್ಟರಲ್ಲಿ ಊರಿನ ಎಮ್ಮೆಗಳೆಲ್ಲ ಆ ಮೂಲೆಗೆ ಇಳಿದಿದ್ದವು. ಮಧ್ಯಾಹ್ನದ ಹೊತ್ತಿಗೆ ತೆಂಗಳಿಯ ಎಮ್ಮೆಗಳು ಹಗ್ಗ ಹರಿದುಕೊಂಡು ಬಂದವು. ಕೊಡ್ಲಿಯಿಂದ ಒಂದು ಮುದಿ ಕೋಣ ಎರಡು ತಾಲೂಕು ದಾಟಿ ಬಂತಂತೆ. ಕೋಡು, ಮೂಗು, ಮೂಗು, ಕೋಡು. ನೀರೇ ಕಾಣದು. ಬಡಿದರೂ ಕದಲವು, ಬೈದರೂ ಕದಲವು. ಕಣ್ಣು ಮುಚ್ಚಿ ನೆಕ್ಕುವುದೊಂದೇ ಕೆಲಸ.

ಅದೇ ಹೊತ್ತಿಗೆ ಟೇಶನ್ನಿನಿಂದ ಟಾಂಗಾ ಬಂದು ನಿಂತಿತು.

ಮೊದಲು ಗಡ್ಡ ಇಳಿಯಿತು, ಅದರ ಹಿಂದೆ ಶೇರವಾನಿ ತೊಟ್ಟ ಹಾಜಿಸಾಬ. ಆಮೇಲೆ ಅವನ ಹೆಂಡತಿ ಮಾಶಾಬಿ. ಆಮೇಲೆ ಇನ್ನೊಂದು ಬುರಖಾ. ಹೆಣ್ಣು ತಾನೇ ಗಂಡಿನ ಮನೆ ನೋಡಲು ಬಂದದ್ದನ್ನು ಕಲಬುರಗಿ ಜಿಲ್ಲೆ ಅದುವರೆಗೆ ಕಂಡಿರಲಿಲ್ಲ. ನೆರೆದವರ ಬಾಯಿ ತೆರೆದದ್ದು ಮುಚ್ಚಲು ಮೊಹರಮ್ಮಿನ ತನಕ ಹಿಡಿಯಿತು.

"ನಾಳಿ ತಾ ಆಳೂ ಜಾಗಾ ಆಕಿ ನೋಡಬಾರದೇನು?" ಎಂದು ಮಾಶಾಬಿ ಯಾರನ್ನೂ ಉದ್ದೇಶಿಸದೆ ಹೇಳಿದಳು. ಆಕೆ ಮಾತು ಕಡಿಮೆಯ ಹೆಂಗಸು. ಹಾಜಿಸಾಬನ ಮನೆಯಲ್ಲಿ ಮಾತಿನ ಖಾತೆ ಪೂರ್ತಿ ಅವನದೇ ಆಗಿತ್ತು.

ಹಾಜಿಸಾಬ ನೀರಿನ ಕಡೆ ನೋಡಿ ಗಡ್ಡ ನೀವಿಕೊಂಡ. "ಇವು ಏನು?"

"ಎಮ್ಮಿರಿ," ಎಂದುಬಿಟ್ಟ ಬಂದೇಅಲಿ.

"ನಮ್ಮ ನೌಕಾದಳರಿ," ಎಂದ ಲಾಲಪ್ಪ, ಅವನ ಪಕ್ಕೆಗೆ ತಿವಿಯುತ್ತ.

"ಹೌದು ಹೌದು. ಏಡನ್ ಕಡಿ ಇಂಥಾವೇ ಮೀನ ನೋಡೀನಿ ನಾ. ಕೋಡ ಇದ್ದವು." ಹಾಜಿಸಾಬ ಎರಡು ಎಮ್ಮೆಗಳ ನಡುವೆ ಕೈ ಇಳಿಸಿ ಬೊಗಸೆ ತುಂಬಿ ಬಾಯಿಗೆ ಹಾಕಿಕೊಂಡ. ಬಂದೇಅಲಿಯ ಎದೆ ಎಷ್ಟು ಜೋರಾಗಿ ಹೊಡೆದುಕೊಂಡಿತೆಂದರೆ, ಪಕ್ಕದ ಖಣಿಯವರು ಎಲ್ಲೋ ಮದ್ದಿನ ಸುರಂಗ ಹಾರಿತೆಂದು ತಿಳಿದು ತಲೆ ಮುಚ್ಚಿಕೊಂಡು ಓಡಿದರು. ಹಾಜಿಸಾಬ ಬಾಯಿ ಚಪ್ಪರಿಸಿದ. "ವಾಹ್! ಅದೇ ಸಮುದ್ರ! ಅದೇ ನೀರು!"

ಮಾಶಾಬಿ ನಕಾಬು ತುಸು ಎತ್ತಿ ಒಂದು ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡಳು. "ಉಪ್ಪು ಬರೋಬ್ಬರಿ ಅದ," ಎಂದಳು. "ಖಾರ ಜರಾ ಕಮ್ಮಿ ಬಿದ್ದದ."

ಇನ್ನೊಂದು ಬುರಖಾದೊಳಗೆ ಬಳೆ ಉರುಳಿತು.

ತೆಪ್ಪದ ಮೇಲೆ ಜಮಖಾನೆ ಹಾಸಿತ್ತು. ಲಾಲಪ್ಪ ಬಿದಿರು ಹಿಡಿದು ನಿಂತ. ಹಾಜಿಸಾಬ ಬಿಸ್ಮಿಲ್ಲಾ ಎಂದು ಹತ್ತಿದ. ಹತ್ತಿದವನೇ ಹೆಗಲ ಮೇಲಿನ ಶಾಲು ತೆಗೆದು ತಲೆಯಿಂದ ಕಾಲಿನ ತನಕ ಹೊದ್ದು ಉದ್ದಕ್ಕೆ ಮಲಗಿಬಿಟ್ಟ.

"ಹಾಜಿಸಾಬ್ರ," ಎಂದ ಲಾಲಪ್ಪ ಗಾಬರಿಯಾಗಿ, "ಇನ್ನಾ ಹಗ್ಗಾ ಬಿಚ್ಚಿಲ್ರಿ."

"ಬಿಡಪ್ಪಾ, ಅವರದು ಹಾಂಗೇ," ಎಂದಳು ಮಾಶಾಬಿ. "ಮುಂಬೈದಾಗ ಜಹಾಜ ಹತ್ತಿದಾಗ ಹೊಚ್ಚಿಕೊಂಡಿದ್ರು. ಜಿದ್ದಾ ಬಂದಾಗ ತೆಗದ್ರು. ಬರೂವಾಗಲೂ ಅಷ್ಟೇ."

"ಮತ್ತ ಸಮುದ್ರ, ತೆರಿ, ಮೀನು?"

"ನೋಡಿದಾಕಿ ನಾನು. ಕಟಕಟಿ ಹಿಡಕೊಂಡು ಹಗಲೆಲ್ಲಾ ನಿಂತಿದ್ದೆ. ಏನೇನು ನೋಡಿದಿ ಅಂತ ಅವರು ಕೇಳಿದ್ರು, ಹೇಳಿದೆ. ಅವರು ಊರಿಗೆ ಹೇಳಿದ್ರು." ಆಕೆ ನೀರಿನ ಆಚೆ ನೋಡಿದಳು. "ಕೋಡಿನ ಮೀನ ನಾ ಹೇಳಿದ್ದಲ್ಲ. ಅದು ಅವರದೇ."

ಶಾಲು ಕದಲಲಿಲ್ಲ. ಶಾಲಿನೊಳಗಿಂದ ಏನೋ ಪ್ರಾರ್ಥನೆ ಕೇಳುತ್ತಿತ್ತು. ತೆಪ್ಪ ಎಮ್ಮೆಗಳನ್ನು ಉಜ್ಜಿಕೊಂಡು ಸಾಗಿತು.

ಬೇಸಿಗೆಯ ಕೊನೆಯಾದ್ದರಿಂದ ರಾಜ್ಯ ತನ್ನ ಪೂರ್ತಿ ವೈಭವದಲ್ಲಿತ್ತು. ಮೆಟ್ಟಿಲು ಮೆಟ್ಟಿಲಾಗಿ ನೀಲಿ ಬೂದು ಕಲ್ಲು, ತುದಿಯಲ್ಲಿ ಸೀತಾಫಲದ ನೆರಳು. ಹಾಜಿಸಾಬನನ್ನು ತೆಪ್ಪದ ಮೇಲೆಯೇ ಬಿಟ್ಟು ಉಳಿದವರು ಹತ್ತಿದರು. ನಜಮುನ್ನೀಸಾ ತುದಿ ಮುಟ್ಟಿ ನಕಾಬು ಸರಿಸಿದಳು. ಆ ಮುಖ ಕಂಡು ಬಂದೇಅಲಿಗೆ ತನ್ನ ಹೆಸರು ಮರೆತುಹೋಯಿತು. ನೀರಿನಲ್ಲಿದ್ದ ಮೀನುಗಳು ಕೂಡ ಒಂದು ನಿಮಿಷ ಈಜುವುದು ಮರೆತು ಮುಳುಗಿದವು. ಒಂದು ಮೆಟ್ಟಿಲಿನ ಮೇಲೆ, ಯಾವುದೋ ಕಾಲದ ತೆರೆ ಗುರುತು ಬಿಟ್ಟುಹೋದ ಹಾಗೆ, ಅಲೆಯಲೆಯಾಗಿ ಗೆರೆ ಬಿದ್ದ ಕಲ್ಲಿತ್ತು. ಅವಳು ಕೂತು ಅದರ ಮೇಲೆ ಬೆರಳಾಡಿಸಿದಳು.

ಮಾಶಾಬಿ ಬಂದೇಅಲಿಯ ಎದುರು ನಿಂತಳು. "ಈಗ ಹೇಳು ಬೇಟಾ. ಈ ಜಾಗಾ ಯಾರದು?"

ಸುಳ್ಳು ಹೇಳಲು ಅಡ್ಡಿಯಿರಲಿಲ್ಲ. ಪರೀಕ್ಷೆ ಮಾಡಬೇಕಾದವನು ಶಾಲಿನೊಳಗಿದ್ದ. ರಾಜವಂಶ, ಫರ್ಮಾನು, ಆನೆ, ಅಂಬಾರಿ ಎಲ್ಲವೂ ಬಾಯ ತುದಿಗೆ ಬಂದು ಸಾಲಾಗಿ ನಿಂತವು. ಆದರೆ ನಜಮುನ್ನೀಸಾ ತಲೆಯೆತ್ತಿ ನೋಡುತ್ತಿದ್ದಳು. ಆ ನೋಟದ ಮುಂದೆ ಬಂದೇಅಲಿಯ ಬಾಯಿ ಹುಟ್ಟಿದಾಗಿನಿಂದ ಮೊದಲ ಸಲ ಚಿಕ್ಕದಾಯಿತು.

"ಇದು ಸಮುದ್ರ ಅಲ್ರಿ ಅಮ್ಮಾ. ಖಣಿ. ಇದು ರಾಜ್ಯನೂ ಅಲ್ಲ, ಸಾಕ್ಷಿ. ಅಳತಿ ಆಗದೇ ಉಳದದ. ನಮ್ಮ ಅಪ್ಪಂದೊಂದು ಪಾಲು, ಲಾಲಪ್ಪ ಕಾಕಾಂದೊಂದು, ಭೀಮವ್ವಂದೊಂದು. ಉಪ್ಪು ವಾಡಿದು."

"ಅದು ಎಮ್ಮಿ ಕಂಡಾಗೇ ತಿಳೀತು," ಎಂದಳು ಮಾಶಾಬಿ. ನಕಾಬು ಮೇಲೆತ್ತಿ, ಬುರಖಾದ ಅಂಚಿನಿಂದ ಕಲ್ಲು ಒರೆಸಿ ಕೂತಳು. ಎಷ್ಟೋ ವರ್ಷದ ಮಾತು ಒಟ್ಟಿಗೆ ಹೊರಬಂದ ಹಾಗೆ ಹೇಳತೊಡಗಿದಳು. "ಜಹಾಜದ ಮ್ಯಾಲಿಂದ ಒಂದು ಸಣ್ಣ ಜಜೀರಾ ಕಂಡಿತ್ತು ನನಗ. ಒಂದು ಗಿಡ, ಒಂದೀಟು ನೆಲ, ಸುತ್ತ ನೀರು. ಅಲ್ಲಿ ನಾ ಒಬ್ಬಾಕಿನೇ ಕುಂತಿದ್ರ ಹೆಂಗ ಅಂದೆ. ಚಾ ಮಾಡು ಅನ್ನಾಂವಿಲ್ಲ, ಇದು ಕೇಳು ಅದು ಕೇಳು ಅನ್ನಾಂವಿಲ್ಲ. ಗಂಡ ಬರಬೇಕಂದ್ರ ದಂಡಿ ಮ್ಯಾಲ ನಿಂತು ಕರೀಬೇಕು. ನನಗ ಮನಸಿದ್ರ ತೆಪ್ಪ ಕಳಸಬೇಕು. ನನಗಂತೂ ಸಿಗಲಿಲ್ಲ. ನನ್ನ ಮಗಳಿಗೆ ಮೆಹರ್ ಅಂತ ಇದನ್ನ ಕೊಡ್ತೀ ಏನು?"

ನಿಕಾಹದಲ್ಲಿ ಗಂಡು ಹೆಣ್ಣಿಗೆ ಕೊಡಲೇಬೇಕಾದ್ದು ಮೆಹರ್. ಒಮ್ಮೆ ಕೊಟ್ಟರೆ ಅದು ಅವಳದ್ದೇ. ಗಂಡ ಅದರ ಮೇಲೆ ಕೈಯಿಡುವಂತಿಲ್ಲ. ಒಡವೆ ಕೊಟ್ಟವರುಂಟು, ಹೊಲ ಕೊಟ್ಟವರುಂಟು. ರಾಜ್ಯ ಕೊಟ್ಟವರಿದ್ದಾರೆಂದು ಯಾರೂ ಕೇಳಿರಲಿಲ್ಲ. ಬಂದೇಅಲಿ, "ನನ್ನ ಪಾಲು ಕೊಟ್ಟೆ," ಎಂದ, ಮಾಶಾಬಿಯ ಮಾತು ಮುಗಿಯುವ ಮುಂಚೆಯೇ. ಆಮೇಲೆ ದಂಡೆಯಲ್ಲೇ ಉಳಿದಿದ್ದ ಭೀಮಬಾಯಿಯ ಕಡೆ ತಿರುಗಿ ಕೂಗಿ ವಿಷಯ ಹೇಳಿದ.

ಭೀಮಬಾಯಿಯ ದನಿ ಸಣ್ಣದಲ್ಲ. ಆಕೆ ಕೂಗಿದರೆ ವಾಡಿ ಜಂಕ್ಷನ್ನಿನಲ್ಲಿ ರೈಲು ಸಿಗ್ನಲ್ಲಿಗೆ ಕಾಯದೆ ನಿಲ್ಲುತ್ತಿತ್ತು. "ನನ್ನ ಪಾಲು ಸೊಸಿಗೇ!" ಎಂಬ ಮಾತು ನೀರಿನ ಮೇಲೆ ಬಂತು. "ಒಗದ ಅರಬಿ ಒಣಗಸಲಿಕ್ಕೆ ಒಂದು ಮೆಟ್ಟಲಾ ನನಗ ಬಿಡಬೇಕು, ಅಷ್ಟೇ!"

ಉಳಿದದ್ದು ಲಾಲಪ್ಪ. ಅವನು ಕೆಳಗಿನ ಮೆಟ್ಟಿಲಲ್ಲಿ ಬಿದಿರಿಗೆ ಒರಗಿ ಮುಖ ಆಚೆ ತಿರುಗಿಸಿದ.

"ನಾ ಕೊಡಲ್ಲ."

"ಕಾಕಾ!"

"ಏನ ಕಾಕಾ? ವಜೀರ ಅಂದಿ, ಮಂದಿ ಮುಂದ ಹೇಳಿದಿ. ಟೇಶನ್ನದಾಗ ಹಮಾಲರು ಸೈತ ವಜೀರಸಾಬ ಬರ್ರಿ, ಕುಂದ್ರಿ ಅಂತಾರ. ರಾಜ್ಯಾನೇ ಹೋತಂದ್ರ ನಾ ಏನು? ಮತ್ತ ಬರೇ ಲಾಲ್ಯಾ!"

ಆಗ ನಜಮುನ್ನೀಸಾ ಮೊದಲ ಸಲ ಬಾಯಿ ತೆರೆದಳು.

"ಕಾಕಾ, ರಾಜಗ ವಜೀರ ಎದಕ ಬೇಕ್ರಿ? ಇವರ ಕೆಲಸ ಬರೇ ಮಾತಾಡೂದು. ಅದಕ್ಕ ಸಲಹಾ ಬೇಕಾಗಲ್ಲ. ರಾಜ್ಯ ನಡಸಾಕಿಗೆ ವಜೀರ ಬೇಕು. ನೀವು ಇರಲೇಬೇಕು."

ಲಾಲಪ್ಪ ಮೆಲ್ಲಗೆ ತಿರುಗಿದ. "ಪಗಾರಾ?"

"ಹಬ್ಬಕ್ಕ ಶೀರ್ ಖುರ್ಮಾ. ಬೀಡಿ ಮಾತ್ರ ಗಿಡದ ಕೆಳಗ ಸೇದಂಗಿಲ್ಲ."

"ಹುಕುಂ, ರಾಣೀಸಾಬ," ಎಂದು ಲಾಲಪ್ಪ ಬಗ್ಗಿದ. ಎಷ್ಟು ಬಗ್ಗಿದನೆಂದರೆ ಪೇಟಾ ನೀರಿಗೆ ಬಿತ್ತು, ತೆಪ್ಪಕ್ಕಂಟಿದ ಉಪ್ಪಿನ ಹಿಂದೆ ಈಜಿ ಬಂದಿದ್ದ ಒಂದು ಎಮ್ಮೆ ಅದನ್ನು ನೆಕ್ಕಿತು.

ಸದ್ದಿಗೆ ಹಾಜಿಸಾಬ ಶಾಲಿನ ಅಂಚೆತ್ತಿ ಒಂದು ಕಣ್ಣು ಹೊರಹಾಕಿದ. "ಜಿದ್ದಾ ಬಂತೇನು?"

"ಬಂತು, ಏಳ್ರಿ," ಎಂದಳು ಮಾಶಾಬಿ. ಅವನು ಎದ್ದು ಕೂತು ಸುತ್ತಲೂ ಹೊಳೆಯುವ ನೀರನ್ನು, ಹೆಂಡತಿಯ ನಗುವ ಮುಖವನ್ನು ನೋಡಿದ. "ಹೀಂಗೇ ಇತ್ತು!" ಎಂದ ಮೆಲ್ಲಗೆ. "ನಾ ಹೇಳಿದ್ನಲ್ಲಾ, ಬರೋಬ್ಬರಿ ಹೀಂಗೇ ಇತ್ತು." ಮದುವೆಗೆ ಒಪ್ಪಿದ.

ಮದುವೆ ಮಳೆಗಾಲದಲ್ಲಿ ಆಯಿತು. ಆ ವರ್ಷದ ಮಳೆ ಹೇಗಿತ್ತೆಂದರೆ ಕಪ್ಪೆಗಳು ಕೊಡೆ ಕೇಳಿಕೊಂಡು ಮನೆಮನೆಗೆ ಬಂದವು. ಖಣಿ ಅಂಚಿನ ತನಕ ತುಂಬಿತು. ಮುಖದ ಮೇಲಿಳಿಯುವ ಹೂವಿನ ಸೆಹ್ರಾ ಕಟ್ಟಿಕೊಂಡು ಬಂದೇಅಲಿ ದಂಡೆಯ ಮಂಟಪದಲ್ಲಿ ಕೂತ. ಕಾಜಿ ಗುಲಾಮ ದಸ್ತಗೀರ ಕನ್ನಡಕ ಏರಿಸಿ ಮೆಹರ್ ಏನೆಂದು ಕೇಳಿದರು. ಸುತ್ತ ಕೂತವರು ಹೇಳಿದರು. ಕಾಜಿಸಾಬರು ನೀರಿನ ನಡುವೆ ನೋಡಿದರು. ಒಂದು ಹೊರಸಿನಷ್ಟು ನೆಲ, ನೆನೆದ ಸೀತಾಫಲದ ಗಿಡ, ಅದರ ಮೇಲೊಂದು ಕಾಗೆ.

"ಇದೇ ರಾಜ್ಯ?"

"ಬ್ಯಾಸಗಿದಾಗ ನೋಡ್ರಿ ಕಾಜಿಸಾಬ," ಎಂದ ಹಾಜಿಸಾಬ. "ಸೇಡಂ ತಾಲೂಕಿನಷ್ಟು ಆಗತದ!"

"ಹೆಚ್ಚಾಗೋದು ಕಮ್ಮಿ ಆಗೋದು ಮೆಹರ್ ಆಗೂದಿಲ್ಲ. ಎಷ್ಟು ಅಂತ ಗೊತ್ತಾಗಬೇಕು. ಗೊತ್ತಿಲ್ಲದ್ದಕ್ಕ ನಾ ನಿಕಾಹ ಓದಂಗಿಲ್ಲ." ಕನ್ನಡಕ ಇಳಿಯಿತು.

ಮಂಟಪದಲ್ಲಿ ಪಿಸುಮಾತು ಎದ್ದಿತು. ಮಳೆಗಾಲದ್ದು ಬರೆಯಿರಿ ಎಂದರು ಕೆಲವರು, ಬೇಸಿಗೆಯದ್ದು ಬರೆಯಿರಿ ಎಂದರು ಹಲವರು, ಎರಡನ್ನೂ ಕೂಡಿಸಿ ಅರ್ಧ ಮಾಡಿರಿ ಎಂದ ಒಬ್ಬ ಶಾಣ್ಯಾ. ಬಂದೇಅಲಿ ಸೆಹ್ರಾದ ಹೂ ಸರಿಸಿ ಪರದೆಯ ಕಡೆ ನೋಡಿದ. ಬಳೆ ಉರುಳಲಿಲ್ಲ.

"ಕಾಜಿಸಾಬ," ಎಂದ ಅವನು ಎದ್ದು ನಿಂತು, "ನೀರು ಹೆಚ್ಚು ಕಮ್ಮಿ ಆಗತದ. ಸಾಕ್ಷಿ ಹೆಚ್ಚು ಕಮ್ಮಿ ಆಗಲ್ರಿ. ಕಾಣಸೂದು ಅಷ್ಟೇ ಕೊಡಲ್ಲ ನಾ. ತಲಿಯಿಂದ ಬುಡದ ತನಕ ಕೊಡ್ತೀನಿ, ನೀರಾಗ ಮುಳಗಿದ್ದೂ ಸೇರಿ."

"ಬುಡ ಎಲ್ಲದ, ಯಾರು ಅಳದಾರ?"

"ಯಾರೂ ಅಳದಿಲ್ಲ. ಈಗ ಅಳೀತೀನಿ."

ಭೀಮಬಾಯಿ, "ಲೇ ಬ್ಯಾಡೋ, ನೀರು ಬಂದು ನಿಂತದ!" ಎಂದು ಕೂಗುವಷ್ಟರಲ್ಲಿ ಸೆಹ್ರಾ ಅವಳ ಕೈಗೆ ಬಂದು ಬಿದ್ದಿತ್ತು. ಲಾಲಪ್ಪ ತೆಪ್ಪ ಒಯ್ದು ಸಾಕ್ಷಿಗೆ ತಾಗಿಸಿದ. ದಾರದ ಒಂದು ತುದಿ ಹಿಡಿದು ಅವನು ಸೀತಾಫಲದ ಬುಡದಲ್ಲಿ ಕೂತ. ಇನ್ನೊಂದು ತುದಿಗೆ ಉಳಿ ಕಟ್ಟಿಕೊಂಡು, ಮದುವೆಯ ಪಾಯಿಜಾಮ ಸಮೇತ, ರಾಜ ತನ್ನ ಸಮುದ್ರಕ್ಕೆ ಹಾರಿದ.

ಒಳಗೆ ಹಸಿರು, ಆಮೇಲೆ ಕಪ್ಪು, ಆಮೇಲೆ ಏನೂ ಇಲ್ಲ. ಬಂದೇಅಲಿ ಕೈಯಿಂದ ಪದರು ತಡವಿಕೊಂಡು ಇಳಿದ. ಅಪ್ಪ ಎಬ್ಬಿಸಿದ ಕಲ್ಲುಗಳ ಅಂಚು ಬೆರಳಿಗೆ ಸಿಕ್ಕವು. ಅಪ್ಪನ ಉಳಿಯ ಗಾಯಗಳು ಹಾಗೇ ಇದ್ದವು. ಕಿವಿಯೊಳಗೆ ಡೋಲು ಬಾರಿಸಿತು. ಎದೆ ಒಡೆಯುವ ಹೊತ್ತಿಗೆ ಕಾಲಿಗೆ ತಳ ಸಿಕ್ಕಿತು. ಉಳಿಯನ್ನು ಬುಡಕ್ಕೆ ಒತ್ತಿ ದಾರ ಜಗ್ಗಿದ.

ಅವನು ನೀರೊಳಗೆ ಎಷ್ಟು ಹೊತ್ತಿದ್ದನೆಂದರೆ, ದಂಡೆಯಲ್ಲಿ ಒಂದು ಪಂಕ್ತಿ ಊಟ ಮುಗಿದು ಎಲೆಯಡಿಕೆಯೂ ಆಗಿತ್ತು. ಮುದಿ ಹೆಂಗಸರಿಬ್ಬರು ಅಳಲು ಶುರುಮಾಡಿ, ಬೇಸರ ಬಂದು ನಿಲ್ಲಿಸಿದ್ದರು. ಪರದೆ ಮಾತ್ರ ನಡುವೆ ಸರಿದು ಎರಡಾಗಿತ್ತು. ನಜಮುನ್ನೀಸಾ ಮದುವೆಯ ಕೆಂಪು ದುಪಟ್ಟಾದಲ್ಲಿ ನೀರಿನಂಚಿಗೆ ಬಂದು ನಿಂತಿದ್ದ ಸಂಗತಿ ಯಾರ ಗಮನಕ್ಕೂ ಬರಲಿಲ್ಲ. ಎಲ್ಲರೂ ಗುಳ್ಳೆಗಳನ್ನೇ ನೋಡುತ್ತಿದ್ದರು.

ಅಷ್ಟರಲ್ಲಿ ನೀರು ಒಡೆದು ಒಂದು ತಲೆ ಮೇಲೆ ಬಂತು. ಅದರ ಹಿಂದೆ ಮುಷ್ಟಿ ತುಂಬ ಖಣಿಯ ತಳದ ಕೆಸರು.

"ಗಂಟು ಹಾಕು ಕಾಕಾ!"

ಲಾಲಪ್ಪ ದಾರಕ್ಕೆ ಗಂಟು ಹಾಕಿದ. ಆ ದಾರವನ್ನು ಕಾಜಿಸಾಬರ ಮುಂದೆ ಹಾಸಿದಾಗ ಅದು ಮಂಟಪ ದಾಟಿ, ಅಡುಗೆಯ ಒಲೆ ದಾಟಿ, ರಸ್ತೆಯ ತನಕ ಹೋಯಿತು. ಕಾಜಿಸಾಬರು ಕನ್ನಡಕ ಏರಿಸಿ, ದಾರದುದ್ದಕ್ಕೂ ನಡೆದು ಹೋಗಿ, ನಡೆದು ಬಂದು ಕೂತರು. "ಹೆಣ್ಣಿನ ಕಡಿ ಒಪ್ಪಿಗಿ ಅದ ಏನು?" ಎಂದರು.

ನೀರಿನಂಚಿನಿಂದ ಉತ್ತರ ಬಂತು. "ಅದರಿ. ಇವರಿಗೆ ಮದಲ ಒಣಾ ಅರಬಿ ಕೊಡ್ರಿ."

ಮರುದಿನ ಮಳೆ ಹೊಳವಾಯಿತು. ಬಂದೇಅಲಿ ತಾನೇ ಬಿದಿರು ಹಿಡಿದು ಹೆಂಡತಿಯನ್ನು ತೆಪ್ಪದಲ್ಲಿ ಕರೆದೊಯ್ದ. ದಾರಿಯುದ್ದಕ್ಕೂ ಅವನ ಬಾಯಿ ಹಳೆಯ ಹುರುಪಿಗೆ ಬಂದಿತ್ತು. ನಿನ್ನೆ ತಳದಲ್ಲಿ ಏಳು ಹೆಡೆಯ ಹಾವು ಕಂಡಿತ್ತೆಂದೂ, ಅದಕ್ಕೆ ಸಲಾಂ ಹೇಳಿ ಬಂದೆನೆಂದೂ, ಅದು ಮದುವೆಗೆ ಯಾಕೆ ಕರೆಯಲಿಲ್ಲವೆಂದು ಮುನಿಸಿಕೊಂಡಿತೆಂದೂ ಹೇಳಿದ. ನಜಮುನ್ನೀಸಾ ನಕ್ಕು ನಕ್ಕು ಸಾಕಾಗಿ, ತೆಪ್ಪ ತಾಗಿದೊಡನೆ ಹಗುರವಾಗಿ ದಾಟಿ ಸೀತಾಫಲದ ನೆರಳಿಗೆ ನಿಂತಳು.

ಬಂದೇಅಲಿ ಒಂದು ಕಾಲೆತ್ತಿ ಕಲ್ಲಿನ ಮೇಲಿಟ್ಟ.

"ನಿಂದ್ರಿ," ಎಂದಳು ಅವಳು. "ಕೇಳಿದ್ರೇನು?"

"ಏನ ಕೇಳೂದು? ನನ್ನ ರಾಜ್ಯ..." ಎಂದವನು ನಾಲಿಗೆ ಕಚ್ಚಿಕೊಂಡ. ಒಂದು ಕಾಲು ರಾಣಿಯ ನೆಲದಲ್ಲಿ, ಒಂದು ಕಾಲು ಪೀಪಾಯಿಯ ಮೇಲೆ. ತೆಪ್ಪ ಮೆಲ್ಲಗೆ ಹಿಂದೆ ಸರಿಯತೊಡಗಿತು. ಕಾಲುಗಳ ನಡುವಿನ ಸಮುದ್ರ ಅಗಲವಾಯಿತು. "ಬರಲೇನ್ರಿ?" ಎಂದ ಅವಸರದಲ್ಲಿ.

ನಜಮುನ್ನೀಸಾ ಗಲ್ಲಕ್ಕೆ ಬೆರಳಿಟ್ಟು ಯೋಚಿಸಿದಳು. ಅವಳು ಯೋಚಿಸಿ ಮುಗಿಸುವ ಮುಂಚೆಯೇ ಬಂದೇಅಲಿ ನೀರಿನಲ್ಲಿದ್ದ. ಎದ್ದ ತೆರೆಗೆ ದಂಡೆಯ ಎಮ್ಮೆಗಳು ತೇಲಿ ಹೋಗಿ ರೈಲ್ವೆ ಗೇಟಿನ ಹತ್ತಿರ ಇಳಿದವೆಂದು ಲಾಲಪ್ಪ ಇವತ್ತಿಗೂ ಆಣೆ ಮಾಡಿ ಹೇಳುತ್ತಾನೆ. ಕಣ್ಣು ಒರೆಸಿಕೊಂಡು ಬಂದೇಅಲಿ ತಲೆಯೆತ್ತಿದಾಗ, ಬಳೆ ತುಂಬಿದ ಒಂದು ಕೈ ಅವನ ಮುಂದೆ ಚಾಚಿತ್ತು.

"ಬರ್ರಿ," ಎಂದಳು ರಾಣಿ. "ಆದ್ರ ಹಾವಿನ ಕತಿ ಪೂರಾ ಹೇಳಬೇಕು."